ಕಣ್ಣು ಕಾಣುತ್ತಿದೆಯಲ್ಲ, ಮತ್ತೇಕೆ ಫೋಟೊ?

ಶುಗರ್ ಮಾತ್ರೆ ಎಲ್ಲಿ ಸಿಗುತ್ತದೋ ಅಲ್ಲೇ, ಮಾತ್ರೆ ಕೊಡುವ ದಿನವೇ, ವರ್ಷಕ್ಕೊಮ್ಮೆ ರೋಗಿಯ ಕಣ್ಣಿನ ಹಿಂಬದಿಯ ಪರದೆಯ, ಎಂದರೆ ರೆಟಿನಾದ, ಫೋಟೊ ತೆಗೆಯಬೇಕು. ತೆಗೆಯುವವರು ಕಣ್ಣಿನ ಡಾಕ್ಟರೇ ಆಗಬೇಕಿಲ್ಲ, ತರಬೇತಾದ ನೇತ್ರಾಧಿಕಾರಿಯೋ ನರ್ಸೋ ಸಾಕು. ನನ್ನ ವಾದ ಇಷ್ಟೇ. ಇದನ್ನು ಎಲ್ಲಿ ಹೇಳಿದರೂ ಬರುವ ಆಕ್ಷೇಪಗಳು ಹೆಚ್ಚುಕಡಿಮೆ ಅವವೇ. ಕೆಲವು ರೋಗಿಗಳಿಂದ, ಕೆಲವು ವೈದ್ಯರಿಂದ, ಇನ್ನು ಕೆಲವು ಆಸ್ಪತ್ರೆಗಳ ವ್ಯಾಪಾರ ನೋಡಿ ರೋಸಿಹೋದವರಿಂದ. ಎಲ್ಲಕ್ಕೂ ಒಂದೇ ತೂಕವಿಲ್ಲ. ಕೆಲವಕ್ಕೆ ಎರಡು ಮಾತು ಸಾಕು, ಕೆಲವಕ್ಕೆ ಕೂತು ಉತ್ತರ ಹೇಳಬೇಕು.

ಎಲ್ಲಕ್ಕಿಂತ ಹೆಚ್ಚು ಕೇಳಿಬರುವುದು ಇದು: "ನನಗೆ ಚೆನ್ನಾಗಿ ಕಾಣುತ್ತೆ ಸಾರ್. ಬಸ್ಸಿನ ಬೋರ್ಡು ಓದ್ತೀನಿ, ಅಕ್ಕಿಯಲ್ಲಿ ಕಲ್ಲು ಆರಿಸ್ತೀನಿ. ಕಣ್ಣಿಗೇನಾಗಿದೆ?"

ಬಸ್ಸಿನ ಬೋರ್ಡು ಓದಲು ಬೇಕಾಗುವುದು ರೆಟಿನಾದ ನಡುವಿನ ಪುಟ್ಟ ಜಾಗ, ಮ್ಯಾಕ್ಯುಲಾ. ಸಕ್ಕರೆ ಕಾಯಿಲೆ ಮೊದಲು ಅಲ್ಲಿಗೇ ಕೈಹಾಕಬೇಕೆಂದಿಲ್ಲ. ಪರದೆಯ ಯಾವುದೋ ಮೂಲೆಯಲ್ಲಿ ಕೂದಲಿಗಿಂತ ತೆಳ್ಳಗಿನ ರಕ್ತನಾಳದ ಗೋಡೆ ಸಡಿಲಗೊಂಡು ಚುಕ್ಕಿಯಷ್ಟು ಉಬ್ಬುತ್ತದೆ. ಮುಂದೆ ಅದು ಸೋರುತ್ತದೆ. ಅಲ್ಲಲ್ಲಿ ಸಣ್ಣ ರಕ್ತದ ಗುರುತು, ಹಳದಿ ಕೊಬ್ಬಿನ ಕಲೆ ಕಾಣಿಸಿಕೊಳ್ಳುತ್ತವೆ. ಒಂದಷ್ಟು ನಾಳಗಳು ಮುಚ್ಚಿಕೊಂಡು ಆಮ್ಲಜನಕ ಸಾಲದಾದಾಗ ಕಣ್ಣು ತಾನೇ ಹೊಸ ನಾಳಗಳನ್ನು ಬೆಳೆಸಿಕೊಳ್ಳಲು ಹೊರಡುತ್ತದೆ. ಅವು ಬಲವಿಲ್ಲದ ನಾಳಗಳು. ಒಂದು ಬೆಳಿಗ್ಗೆ ಒಡೆದು ಕಣ್ಣೊಳಗೆಲ್ಲ ರಕ್ತ ಹರಡುತ್ತದೆ. ರೋಗಿಗೆ ಗೊತ್ತಾಗುವುದು ಆ ಬೆಳಿಗ್ಗೆ. ಅದರ ಹಿಂದಿನ ವರ್ಷಗಳಲ್ಲೆಲ್ಲ ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುವುದಿಲ್ಲ. ಅಷ್ಟೂ ದಿನ ಬೋರ್ಡು ಸ್ಪಷ್ಟವಾಗಿಯೇ ಕಾಣುತ್ತಿರುತ್ತದೆ.

ನಾವು ಹೀಗೆ ನಂಬಿಕೊಂಡಿರುವುದಕ್ಕೆ ಒಂದು ಗೌರವದ ಚರಿತ್ರೆಯೇ ಇದೆ ಎಂದು ನನ್ನ ಊಹೆ. ಡಾ. ಎಂ.ಸಿ. ಮೋದಿಯವರ ಶಿಬಿರಗಳ ಕಾಲದಿಂದಲೂ ಹಳ್ಳಿಗಳಲ್ಲಿ ಕಣ್ಣಿನ ಕಾಯಿಲೆ ಎಂದರೆ ಪೊರೆ. ಶಾಲೆಯ ಅಂಗಳದಲ್ಲಿ ಸಾಲಾಗಿ ಮಲಗಿಸಿ ಆಪರೇಶನ್ ಮಾಡಿ ಲಕ್ಷಾಂತರ ಜನರಿಗೆ ಬೆಳಕು ಕೊಟ್ಟ ಮನುಷ್ಯ ಅವರು. ಪೊರೆ ಹೇಳಿಕೊಂಡು ಬರುವ ಕಾಯಿಲೆ. ಮಂಜು ಕವಿಯುತ್ತದೆ, ಪಾಪೆ ಬೆಳ್ಳಗಾಗುತ್ತದೆ, ಮನೆಯ ಮಗುವೂ ಅದನ್ನು ಗುರುತಿಸುತ್ತದೆ. ಎರಡು ವರ್ಷ ತಡವಾದರೂ ಆಪರೇಶನ್ ಆದಮೇಲೆ ಸಾಮಾನ್ಯವಾಗಿ ಕಾಣುತ್ತದೆ. "ಕಾಣದಾದಾಗ ಹೋದರಾಯಿತು" ಎಂಬ ಲೆಕ್ಕ ಪೊರೆಗೆ ಸರಿಹೊಂದುತ್ತಿತ್ತು. ರೆಟಿನಾಕ್ಕೆ ಅದೇ ಲೆಕ್ಕ ಹಾಕಿದವರು ಕೆಡುತ್ತಾರೆ. ಗ್ಲಾಕೋಮಾದಲ್ಲೂ ಹೀಗೆಯೇ, ಅಂಚಿನ ನೋಟ ಮೊದಲು ಹೋಗಿ ನಡುವಿನದು ಕೊನೆಯವರೆಗೂ ಉಳಿದಿರುತ್ತದೆ.

"ಹೋದ ತಿಂಗಳಷ್ಟೇ ಕಂಪ್ಯೂಟರ್‌ನಲ್ಲಿ ಕಣ್ಣು ಟೆಸ್ಟ್ ಮಾಡಿಸಿದೆ" ಎನ್ನುವವರಿಗೆ ಉತ್ತರ ಚಿಕ್ಕದು. ಕನ್ನಡಕದ ಅಂಗಡಿಯ ಆ ಯಂತ್ರ ಅಳೆಯುವುದು ನಿಮಗೆ ಯಾವ ಪವರಿನ ಗಾಜು ಬೇಕು ಎಂಬುದನ್ನು. ಪರದೆಯ ಮೇಲೆ ಏನಿದೆ ಎಂದು ಅದು ನೋಡುವುದಿಲ್ಲ, ನೋಡುತ್ತೇನೆಂದು ಹೇಳಿಕೊಂಡೂ ಇಲ್ಲ. ಒಂದು ಮಾತು ಮಾತ್ರ ಸೇರಿಸುತ್ತೇನೆ. ಮೂರು ಮೂರು ತಿಂಗಳಿಗೆ ಪವರ್ ಬದಲಾಗುತ್ತಿದೆ ಎಂದು ಅಂಗಡಿಯವನನ್ನು ಬೈಯುವವರು ಒಮ್ಮೆ ಶುಗರ್ ನೋಡಿಸಿಕೊಳ್ಳಲಿ. ರಕ್ತದಲ್ಲಿ ಸಕ್ಕರೆ ಏರಿಳಿದಾಗ ಕಣ್ಣಿನ ಮಸೂರ ನೀರು ಹೀರಿಕೊಂಡು ಆಕಾರ ಬದಲಿಸುತ್ತದೆ. ಕಾಯಿಲೆ ಇದೆಯೆಂದು ಕೆಲವರಿಗೆ ಗೊತ್ತಾಗುವುದೇ ಹಾಗೆ.

ಇನ್ನು ವೈದ್ಯರ ಆಕ್ಷೇಪ. "ಶುಗರ್ ಹತೋಟಿಯಲ್ಲಿಟ್ಟರೆ ಕಣ್ಣು ತಾನಾಗಿ ಉಳಿಯುತ್ತದೆ. ರೋಗಿಯ ಹಣ, ಗಮನ ಎರಡೂ ಅಲ್ಲಿಗೆ ಹೋಗಲಿ, ಕ್ಯಾಮೆರಾಕ್ಕಲ್ಲ." ಇದರ ಮೊದಲರ್ಧಕ್ಕೆ ಗಟ್ಟಿ ಆಧಾರವಿದೆ. ಅಮೆರಿಕ ಮತ್ತು ಕೆನಡಾದಲ್ಲಿ ಟೈಪ್ 1 ರೋಗಿಗಳ ಮೇಲೆ ನಡೆದು 1993ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಕಣ್ಣಿಗೆ ಇನ್ನೂ ಏನೂ ಆಗದಿದ್ದವರು ಸಕ್ಕರೆಯನ್ನು ಬಿಗಿಯಾಗಿ ಇಟ್ಟುಕೊಂಡಾಗ ರೆಟಿನಾ ಕಾಯಿಲೆ ಹುಟ್ಟುವ ಅಪಾಯ ಶೇ. 76ರಷ್ಟು ತಗ್ಗಿತು. 1998ರಲ್ಲಿ ಬ್ರಿಟನ್ನಿನ ಟೈಪ್ 2 ಅಧ್ಯಯನ ಬಿಪಿಯ ಪಾಲನ್ನೂ ತೋರಿಸಿತು: ಬಿಪಿಯನ್ನು ಬಿಗಿಯಾಗಿ ಇಳಿಸಿದವರಲ್ಲಿ ಕಣ್ಣಿನ ಕಾಯಿಲೆ ಮುಂದುವರಿಯುವುದು ಮೂರರಲ್ಲೊಂದು ಭಾಗದಷ್ಟು ಕಡಿಮೆಯಾಯಿತು. ಆದರೆ 76 ಎಂದರೆ ನೂರಲ್ಲ. ಅದೂ ದಾದಿಯರು, ಆಹಾರ ತಜ್ಞರು ಬೆನ್ನಿಗೆ ನಿಂತು ನಡೆಸಿದ ಅಧ್ಯಯನದ ಹತೋಟಿ. ತಿಂಗಳಿಗೊಮ್ಮೆ ಸರದಿಯಲ್ಲಿ ನಿಂತು ಮಾತ್ರೆ ಒಯ್ಯುವವರ ಹತೋಟಿಯಲ್ಲ.

ಈ ವಾದ ಮಾಡುವವರು ಬಿಟ್ಟುಬಿಡುವ ಇನ್ನೊಂದು ಸಂಗತಿ ಅದೇ 1993ರ ಅಧ್ಯಯನದಲ್ಲಿದೆ. ಬಹಳ ಕಾಲ ಏರಿಯೇ ಇದ್ದ ಸಕ್ಕರೆಯನ್ನು ಚಿಕಿತ್ಸೆಯಿಂದ ವೇಗವಾಗಿ ಇಳಿಸಿದಾಗ, ಆಗಲೇ ಸ್ವಲ್ಪ ಕೆಟ್ಟಿದ್ದ ಕೆಲವು ಕಣ್ಣುಗಳು ಮೊದಲ ವರ್ಷದಲ್ಲಿ ಇನ್ನಷ್ಟು ಕೆಟ್ಟು ಆಮೇಲೆ ಸುಧಾರಿಸಿದವು. ಎಂದರೆ ರೋಗಿ ಮಾತು ಕೇಳಿ, ಅನ್ನ ಬಿಟ್ಟು, ಇನ್ಸುಲಿನ್ ಶುರುಮಾಡಿದ ಆ ವರ್ಷವೇ ಪರದೆ ನೋಡಬೇಕಾದ ವರ್ಷ. ಗರ್ಭಿಣಿಗೆ ಮೊದಲಿನಿಂದಲೇ ಶುಗರ್ ಇದ್ದರೆ ಆಕೆಯ ವಿಷಯದಲ್ಲೂ ಅಷ್ಟೇ, ಬಸಿರಿನ ತಿಂಗಳುಗಳಲ್ಲಿ ರೆಟಿನಾ ಬೇಗ ಹದಗೆಡಬಹುದು. ಟೈಪ್ 2 ಅಂತೂ ರಕ್ತ ಪರೀಕ್ಷೆಗೆ ಸಿಗುವ ಮೊದಲೇ ವರ್ಷಗಟ್ಟಲೆ ಸದ್ದಿಲ್ಲದೆ ಇದ್ದಿರುತ್ತದೆ. ಆದ್ದರಿಂದಲೇ ಅವರಿಗೆ ಕಾಯಿಲೆ ಪತ್ತೆಯಾದಾಗಲೇ ಮೊದಲ ಕಣ್ಣಿನ ಪರೀಕ್ಷೆ ಎನ್ನುತ್ತವೆ ಮಾರ್ಗಸೂಚಿಗಳು.

"ನಾನು ಕಣ್ಣಿನವರಿಗೆ ಚೀಟಿ ಬರೆದುಕೊಟ್ಟಿದ್ದೆನಲ್ಲ, ಅವರು ಹೋಗದಿದ್ದರೆ?" ಇದನ್ನು ಹೇಳುವ ವೈದ್ಯರ ದನಿಯಲ್ಲಿ ಸುಳ್ಳಿಲ್ಲ, ಬರೆದೇ ಇರುತ್ತಾರೆ. ಆ ಚೀಟಿ ಶುಗರ್ ಪುಸ್ತಕದ ಪ್ಲಾಸ್ಟಿಕ್ ಹೊದಿಕೆಯೊಳಗೆ ಮಡಿಸಿಕೊಂಡು ಕೂತಿರುತ್ತದೆ. ಇಲ್ಲಿ ಮಾತ್ರೆ ಪಡೆಯಲು ಒಂದು ದಿನದ ಕೂಲಿ ಬಿಟ್ಟವರು, ಚೆನ್ನಾಗಿಯೇ ಕಾಣುವ ಕಣ್ಣು ತೋರಿಸಲು ಜಿಲ್ಲಾ ಕೇಂದ್ರಕ್ಕೆ ಇನ್ನೊಂದು ದಿನ ಬಿಟ್ಟು ಹೋಗುತ್ತಾರೆಯೇ? ಹೋದವರಿಗೂ ಪಾಪೆ ಅಗಲಿಸುವ ಡ್ರಾಪ್ಸ್ ಹಾಕುತ್ತಾರೆ. ಗಂಟೆಗಟ್ಟಲೆ ಬಿಸಿಲು ಚುಚ್ಚುತ್ತದೆ, ಅಕ್ಷರ ಕಾಣುವುದಿಲ್ಲ, ಜೊತೆಗೊಬ್ಬರು ಬೇಕು. ಅವರ ಕೂಲಿಯೂ ಹೋಯಿತು. ಈಗಿನ ಕ್ಯಾಮೆರಾಗಳು ಕತ್ತಲು ಕೋಣೆಯಲ್ಲಿ ತಾನಾಗಿ ಹಿಗ್ಗಿದ ಪಾಪೆಯ ಮೂಲಕವೇ ಬಹುತೇಕರ ಪರದೆಯ ಚಿತ್ರ ಹಿಡಿಯುತ್ತವೆ. ಡ್ರಾಪ್ಸ್ ಬೇಕಾಗುವುದು ಚಿತ್ರ ಮಸುಕಾದವರಿಗೆ, ಹೆಚ್ಚಾಗಿ ವಯಸ್ಸಾಗಿ ಪೊರೆ ಬಂದವರಿಗೆ.

ಆ ಚೀಟಿಯ ಹಿಂದೆ ಇನ್ನೊಂದು ಗ್ರಹಿಕೆ ಇದೆ: ಕಣ್ಣು ಬೇರೆ ಇಲಾಖೆ, ನನ್ನದಲ್ಲ. ನನಗೆ ಇದರ ಮೇಲೆ ಹೆಚ್ಚು ತಕರಾರು. ಮೈಯನ್ನು ಕೊಯ್ಯದೆ, ಚುಚ್ಚದೆ, ಜೀವಂತ ರಕ್ತನಾಳವನ್ನು ನೇರವಾಗಿ, ಇಷ್ಟು ಸ್ಪಷ್ಟವಾಗಿ ನೋಡಬಹುದಾದ ಜಾಗ ಕಣ್ಣಿನ ಪರದೆಯಂತೆ ದೇಹದಲ್ಲಿ ಇನ್ನೊಂದಿಲ್ಲ. 1851ರಲ್ಲಿ ಹೆಲ್ಮ್‌ಹೋಲ್ಟ್ಸ್ ತನ್ನ ಕಣ್ಣುದರ್ಶಕವನ್ನು ಲೋಕಕ್ಕೆ ತೋರಿಸಿದ ಮೇಲೆ ಅದನ್ನು ಕೈಗೆತ್ತಿಕೊಂಡವರು ಕಣ್ಣಿನ ವೈದ್ಯರು ಮಾತ್ರವಲ್ಲ, ಫಿಸಿಶಿಯನ್ನರೂ ಹೌದು. 1939ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಕೀತ್, ವ್ಯಾಗನರ್, ಬಾರ್ಕರ್ ಎಂಬ ಮೂವರು ಬಿಪಿ ರೋಗಿಗಳನ್ನು ಅವರ ಪರದೆಯ ಸ್ಥಿತಿ ನೋಡಿ ನಾಲ್ಕು ಗುಂಪು ಮಾಡಿದರು. ಒಳ್ಳೆಯ ಬಿಪಿ ಮಾತ್ರೆಗಳಿಲ್ಲದ ಕಾಲ. ಕಣ್ಣಿನ ನರದ ಬುಡ ಊದಿಕೊಂಡಿದ್ದ ನಾಲ್ಕನೇ ಗುಂಪಿನವರಲ್ಲಿ ಬಹುತೇಕರು ವರ್ಷದೊಳಗೆ ತೀರಿಕೊಂಡರು. ಇಂದಿಗೂ ಆ ಊತ ಕಂಡರೆ ರೋಗಿಯನ್ನು ಮನೆಗೆ ಕಳಿಸುವಂತಿಲ್ಲ. ಬಿಪಿ ವಿಪರೀತ ಏರಿರಬಹುದು, ತಲೆಯೊಳಗೆ ಗೆಡ್ಡೆಯೇ ಇರಬಹುದು.

ಕಿಡ್ನಿಯ ವಿಷಯ ತೆಗೆದುಕೊಳ್ಳಿ. ಶುಗರ್ ರೋಗಿಯ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ, ಆದರೆ ಪರದೆ ಸ್ವಚ್ಛವಾಗಿದೆ ಎಂದಾದರೆ, ಕಿಡ್ನಿ ಕೆಟ್ಟದ್ದು ಬೇರೆ ಕಾರಣಕ್ಕೂ ಇರಬಹುದೇ ಎಂದು ವೈದ್ಯರು ಇನ್ನೊಮ್ಮೆ ಯೋಚಿಸಬೇಕಾಗುತ್ತದೆ. ಪರದೆಯೂ ಕೆಟ್ಟಿದ್ದರೆ ಎರಡಕ್ಕೂ ಒಂದೇ ಮೂಲ ಇರುವ ಸಂಭವ ಹೆಚ್ಚು. ಇದು ಕಣ್ಣಿನ ವೈದ್ಯರಿಗೆ ಬೇಕಾದ ಮಾಹಿತಿಯೇ, ಫಿಸಿಶಿಯನ್ನರಿಗೇ? ಔಷಧಿಗಳೂ ಅಷ್ಟೇ. ಕೀಲುವಾತಕ್ಕೆ, ಲೂಪಸ್‌ಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಬರೆಯುವವರು ಕಣ್ಣಿನವರಲ್ಲ. ಅದನ್ನು ಐದು ವರ್ಷಕ್ಕಿಂತ ಹೆಚ್ಚು ಕಾಲ ನುಂಗಿದವರ ರೆಟಿನಾವನ್ನು ವರ್ಷವರ್ಷವೂ ಸ್ಕ್ಯಾನ್ ಮಾಡಿಸಬೇಕೆಂದು ನೆನಪಿಡಬೇಕಾದವರು ಬರೆದವರೇ. ಕ್ಷಯಕ್ಕೆ ಕೊಡುವ ಎಥಾಂಬುಟಾಲ್ ಕೆಲವರ ಕಣ್ಣಿನ ನರವನ್ನು ಕುಗ್ಗಿಸುತ್ತದೆ. ಕೆಂಪು ಹಸಿರುಗಳ ವ್ಯತ್ಯಾಸ ಮಂಕಾಗುವುದು ಅದರ ಆರಂಭದ ಸುಳಿವುಗಳಲ್ಲೊಂದು, ಆಗಲೇ ಔಷಧ ನಿಲ್ಲಿಸಿದರೆ ನೋಟ ಮರಳುವ ಆಸೆ ಇದೆ. ಇದಕ್ಕೆ ಕ್ಯಾಮೆರಾವೂ ಬೇಡ, ಬಣ್ಣದ ಚುಕ್ಕಿಗಳ ಒಂದು ಇಶಿಹಾರ ಪುಸ್ತಕ ಸಾಕು. ಬೆಳಗಿನ ಹೊತ್ತು ಸೊಂಟ ಹಿಡಿದುಕೊಳ್ಳುವ ಹುಡುಗನಿಗೆ ಪದೇ ಪದೇ ಕಣ್ಣು ಕೆಂಪಾಗಿ ನೋಯುತ್ತಿದ್ದರೆ ಅದು ಬೆನ್ನುಮೂಳೆಯ ವಾತದ ಇನ್ನೊಂದು ಮುಖವಿರಬಹುದು. ಔಷಧಿ ಅಂಗಡಿಯಿಂದ ಸ್ಟೀರಾಯ್ಡ್ ಡ್ರಾಪ್ಸ್ ತಂದು ತಂದು ಹಾಕಿಕೊಂಡರೆ ಗ್ಲಾಕೋಮಾ ಬೋನಸ್ಸು.

ಕಣ್ಣಿನ ತಜ್ಞರ ಕಡೆಯಿಂದ ಬರುವ ಆಕ್ಷೇಪ ಹೆಚ್ಚು ಖಡಕ್. "ರೋಗ ನಿರ್ಣಯ ವೈದ್ಯರ ಕೆಲಸ. ಎಸ್ಸೆಸ್ಸೆಲ್ಸಿ ಮುಗಿಸಿ ತರಬೇತಿ ಪಡೆದವರ ಕೈಗೆ ಕ್ಯಾಮೆರಾ ಕೊಟ್ಟರೆ ತಪ್ಪುಗಳಾಗುತ್ತವೆ, ಆಗ ಹೊಣೆ ಯಾರದು?"

ಇದಕ್ಕೆ ಉತ್ತರ ಹುಡುಕಲು ಕರ್ನಾಟಕದವರು ದೂರ ಹೋಗಬೇಕಿಲ್ಲ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಕ್ಕಳ ರೆಟಿನಾದಲ್ಲೂ ಹೊಸ ದುರ್ಬಲ ನಾಳಗಳು ಬೆಳೆಯುತ್ತವೆ. ಆರ್‌ಒಪಿ ಎಂದು ಕರೆಯುವ ಆ ಕಾಯಿಲೆ ವರ್ಷಗಟ್ಟಲೆ ಕಾಯುವುದಿಲ್ಲ, ಕೆಲವೇ ವಾರಗಳಲ್ಲಿ ಮಗುವನ್ನು ಕುರುಡು ಮಾಡಬಲ್ಲದು. ಆದ್ದರಿಂದ ಎರಡು ಕಿಲೋಗಿಂತ ಕಡಿಮೆ ತೂಕದ ಇಲ್ಲವೇ 34 ವಾರಕ್ಕೆ ಮೊದಲು ಹುಟ್ಟಿದ ಮಕ್ಕಳ ಕಣ್ಣನ್ನು 30 ದಿನದೊಳಗೆ ನೋಡಬೇಕೆಂಬುದು ನಮ್ಮ ದೇಶದ ನಿಯಮ. ನೋಡುವವರು ಎಲ್ಲಿದ್ದಾರೆ? ಮಕ್ಕಳ ರೆಟಿನಾ ತಜ್ಞರು ಜಿಲ್ಲೆಗೊಬ್ಬರಂತೆಯೂ ಸಿಗುವುದಿಲ್ಲ. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಮತ್ತು ಸಂಗಡಿಗರು ಶುರುಮಾಡಿದ ಕಿಡ್‌ರಾಪ್ ಯೋಜನೆ ತಜ್ಞರನ್ನು ಊರೂರಿಗೆ ಅಲೆಸುವ ಬದಲು ತಂತ್ರಜ್ಞರನ್ನು ತರಬೇತಿಗೊಳಿಸಿತು. ಅವರು ಕ್ಯಾಮೆರಾ ಹೊತ್ತುಕೊಂಡು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗಿ, ಅಂಗೈಯಗಲದ ಮಕ್ಕಳ ರೆಟಿನಾ ಚಿತ್ರ ತೆಗೆದು ಇಂಟರ್ನೆಟ್ ಮೂಲಕ ಕಳಿಸಿದರು. ಬೆಂಗಳೂರಿನಲ್ಲಿ ಕೂತ ತಜ್ಞರು ಅದನ್ನು ನೋಡಿ ವರದಿ ಕೊಟ್ಟರು. ತಂತ್ರಜ್ಞರು ಸ್ಥಳದಲ್ಲೇ ಮಾಡಿದ ವಿಂಗಡಣೆ ತಜ್ಞರ ತೀರ್ಮಾನಕ್ಕೆ ಎಷ್ಟು ಹೊಂದುತ್ತದೆ ಎಂಬುದನ್ನೂ ಅಳೆದು ಪ್ರಕಟಿಸಿದರು, ಹೊಂದಾಣಿಕೆ ಬಹಳ ಚೆನ್ನಾಗಿತ್ತು. ಒದ್ದಾಡುವ ಒಂದೂವರೆ ಕಿಲೋ ಕೂಸಿನ ಕಣ್ಣಿನಲ್ಲಿ ಸಾಧ್ಯವಾದದ್ದು, ಗಲ್ಲ ಊರಿ ಸುಮ್ಮನೆ ಕೂರುವ ಐವತ್ತರ ಹಿರಿಯರ ಕಣ್ಣಿನಲ್ಲಿ ಅಸಾಧ್ಯ ಎಂದರೆ ನಾನು ಒಪ್ಪಲಾರೆ.

ಇಂಗ್ಲೆಂಡ್ 2003ರಿಂದ ರಾಷ್ಟ್ರಮಟ್ಟದಲ್ಲಿ ಮಾಡುತ್ತಿರುವುದೂ ಇದನ್ನೇ. ಅಲ್ಲಿ ಫೋಟೊ ತೆಗೆಯುವವರು, ಮೊದಲು ನೋಡಿ ವಿಂಗಡಿಸುವವರು ವೈದ್ಯರಲ್ಲ, ತರಬೇತಾದ ಸಿಬ್ಬಂದಿ. ದುಡಿಯುವ ವಯಸ್ಸಿನವರ ಕುರುಡಿಗೆ ಐದು ದಶಕಗಳಿಂದ ಮೊದಲ ಕಾರಣವಾಗಿದ್ದ ಸಕ್ಕರೆ ಕಾಯಿಲೆ 2009–10ರ ಇಂಗ್ಲೆಂಡ್ ಮತ್ತು ವೇಲ್ಸ್‌ನ ಲೆಕ್ಕದಲ್ಲಿ ಮೊದಲ ಸ್ಥಾನದಿಂದ ಕೆಳಗಿಳಿಯಿತು. ವಂಶವಾಹಿ ರೆಟಿನಾ ಕಾಯಿಲೆಗಳು ಮುಂದೆ ಬಂದವು. ಇದರ ಯಶಸ್ಸೆಲ್ಲ ಕ್ಯಾಮೆರಾದ್ದೇ ಎನ್ನಲಾಗದು, ಆ ವರ್ಷಗಳಲ್ಲಿ ಸಕ್ಕರೆಯ ಚಿಕಿತ್ಸೆಯೂ ಸುಧಾರಿಸಿತ್ತು. ಆದರೆ ತಪಾಸಣೆಗೂ ಅದರಲ್ಲಿ ಪಾಲಿರಬಹುದು ಎಂದು ಆ ಲೆಕ್ಕ ಹಾಕಿದವರೇ ಅಂದಾಜಿಸಿದ್ದಾರೆ.

ತಜ್ಞರ ಮಾತಿನಲ್ಲಿ ಒಪ್ಪಬೇಕಾದದ್ದೂ ಇದೆ. ಫೋಟೊ ಪರದೆಯ ಅಂಚನ್ನೆಲ್ಲ ಹಿಡಿಯುವುದಿಲ್ಲ, ಕಣ್ಣಿನ ಒತ್ತಡ ಅಳೆಯುವುದಿಲ್ಲ. ಫೋಟೊ ಚೆನ್ನಾಗಿದೆ ಎಂದರೆ ಕಣ್ಣಿಗೆ ಯಾವ ಕಾಯಿಲೆಯೂ ಇಲ್ಲವೆಂದು ರೋಗಿ ತಿಳಿಯಬಾರದು, ಅದನ್ನು ಅಲ್ಲೇ ಬಾಯಿಬಿಟ್ಟು ಹೇಳಬೇಕು. ಆದರೆ ನಾನು ಕೇಳುತ್ತಿರುವುದು ವಿಂಗಡಣೆ. ಅಂತಿಮ ನಿರ್ಣಯ ತಜ್ಞರದ್ದೇ.

ಫೋಟೊವನ್ನು ಯಂತ್ರವೇ ಓದುವುದರ ಬಗ್ಗೆ ಅನುಮಾನಿಸುವವರಿಗೂ ಒಂದು ಮಾತು. 2016ರಲ್ಲಿ ಗೂಗಲ್‌ನ ಸಂಶೋಧಕರು ಪ್ರಕಟಿಸಿದ ರೆಟಿನಾ ಓದುವ ತಂತ್ರಾಂಶ ಕಲಿತದ್ದು ನಮ್ಮ ಕಣ್ಣುಗಳಿಂದಲೂ ಹೌದು. ಅದಕ್ಕೆ ಉಣಿಸಿದ ಚಿತ್ರಗಳಲ್ಲಿ ಅರವಿಂದ್, ಶಂಕರ ನೇತ್ರಾಲಯ, ನಾರಾಯಣ ನೇತ್ರಾಲಯಗಳ ಚಿತ್ರಗಳಿದ್ದವು. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ವೈದ್ಯರ ನೆರವಿಲ್ಲದೆ ತಾನೇ ತೀರ್ಪು ಕೊಡುವ ಇಂಥದೊಂದು ವ್ಯವಸ್ಥೆಗೆ ಮೊದಲ ಬಾರಿ ಅನುಮತಿ ಕೊಟ್ಟಿತು. ಹಾಗೆಂದು ನಾನು ಯಂತ್ರದ ವಕೀಲನಲ್ಲ. ಥಾಯ್ಲೆಂಡ್‌ನ ಊರ ಆಸ್ಪತ್ರೆಗಳಲ್ಲಿ ಗೂಗಲ್‌ನದೇ ತಂತ್ರಾಂಶವನ್ನು ಬಳಕೆಗೆ ತಂದಾಗ, ಕತ್ತಲು ಮಾಡಲಾಗದ ಕೋಣೆಗಳಲ್ಲಿ ತೆಗೆದ ಚಿತ್ರಗಳಲ್ಲಿ ಐದರಲ್ಲೊಂದನ್ನು ಅದು ಓದಲೇ ಒಪ್ಪಲಿಲ್ಲ. ಪ್ರಯೋಗಾಲಯದ ಅಂಕಿಗಳಿಗಿಂತ ನಮ್ಮ ತಾಲ್ಲೂಕು ಆಸ್ಪತ್ರೆಗೆ ಆ ಅನುಭವ ಹೆಚ್ಚು ಉಪಯುಕ್ತ. ಒಂದು ದಪ್ಪ ಪರದೆ ಬಟ್ಟೆ, ಕೆಟ್ಟುಹೋಗದ ಇಂಟರ್ನೆಟ್: ಟೆಂಡರಿನಲ್ಲಿ ಕ್ಯಾಮೆರಾಕ್ಕೆ ಮೊದಲು ಇವನ್ನು ಬರೆಯಿರಿ.

ಈಗ ಊರುಗಳಲ್ಲಿ ನಿಜವಾಗಿ ಜನರನ್ನು ತಡೆಯುತ್ತಿರುವ ಮಾತಿಗೆ ಬರುತ್ತೇನೆ. "ನಮ್ಮ ಭಾವನಿಗೆ ಲೇಸರ್ ಮಾಡಿದರು, ಆಮೇಲೇ ಕಣ್ಣು ಹೋದದ್ದು." "ಕಣ್ಣಿಗೇ ಇಂಜೆಕ್ಷನ್ ಚುಚ್ಚುತ್ತಾರಂತೆ, ಹೋಗಬೇಡಿ ಅಕ್ಕಾ." ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವರು ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದಾರೆ. ಭಾವ ಆಸ್ಪತ್ರೆಗೆ ಹೋದದ್ದು ರಕ್ತ ತುಂಬಿ ನೋಟ ಮುಕ್ಕಾಲು ಪಾಲು ಹೋದಮೇಲೆ. ಆಗ ಮಾಡಿದ ಲೇಸರ್ ಉಳಿದ ಕಾಲು ಪಾಲನ್ನಾದರೂ ಉಳಿಸಲೆಂದು, ಕೆಲವೊಮ್ಮೆ ಅದೂ ಉಳಿಯುವುದಿಲ್ಲ. ಊರಿನವರ ಲೆಕ್ಕದಲ್ಲಿ ಲೇಸರ್ ಮೊದಲು, ಕುರುಡು ಆಮೇಲೆ.

ಲೇಸರ್ ಮಾಡುವುದೇನೆಂದು ಅವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ಅದು ಪರದೆಯ ಅಂಚಿನಲ್ಲಿ ನೂರಾರು ಸಣ್ಣ ಸುಟ್ಟ ಚುಕ್ಕಿಗಳನ್ನು ಮಾಡಿ ಅಲ್ಲಿನ ಆಮ್ಲಜನಕದ ಬೇಡಿಕೆಯನ್ನು ತಗ್ಗಿಸುತ್ತದೆ, ಹೊಸ ನಾಳಗಳನ್ನು ಕರೆಯುವ ಕೂಗು ನಿಲ್ಲುತ್ತದೆ. ನೀರು ಸಾಲದ ವರ್ಷ ಅಂಚಿನ ಗಿಡಗಳನ್ನು ಬಿಟ್ಟು ತೋಟದ ನಡುವನ್ನು ಉಳಿಸಿಕೊಂಡ ಹಾಗೆ. ಕಳೆದ ನೋಟವನ್ನು ಅದು ತಂದುಕೊಡುವುದಿಲ್ಲ. ರಾತ್ರಿಯ ನೋಟ, ಅಂಚಿನ ನೋಟ ಸ್ವಲ್ಪ ಕುಗ್ಗುವುದೂ ಉಂಟು. ಆದರೆ ಹೊಸ ನಾಳಗಳು ಬೆಳೆದ ಹಂತದ ಕಣ್ಣುಗಳಿಗೆ ಲೇಸರ್ ಮಾಡಿದರೆ ತೀವ್ರ ದೃಷ್ಟಿನಾಶದ ಅಪಾಯ ಅರ್ಧಕ್ಕಿಂತ ಕೆಳಗಿಳಿಯುತ್ತದೆ ಎಂದು 1976ರಲ್ಲೇ ಅಮೆರಿಕದ ಅಧ್ಯಯನವೊಂದು ತೋರಿಸಿತು. ರೋಗಿಯ ಒಂದು ಕಣ್ಣಿಗೆ ಮಾಡಿ ಇನ್ನೊಂದನ್ನು ಹಾಗೇ ಬಿಟ್ಟು ಹೋಲಿಸಿದ ಅಧ್ಯಯನ ಅದು. ಲಾಭ ಎಷ್ಟು ಸ್ಪಷ್ಟವಾಯಿತೆಂದರೆ, ಮುಗಿಯುವ ತನಕ ಕಾಯದೆ ಇನ್ನೊಂದು ಕಣ್ಣಿಗೂ ಮಾಡಲು ನಿರ್ಧರಿಸಿದರು. ಮ್ಯಾಕ್ಯುಲಾ ಊದಿಕೊಂಡವರಿಗೆ ಕೊಡುವ ಇಂಜೆಕ್ಷನ್ ಕಳೆದದ್ದರಲ್ಲಿ ಒಂದಷ್ಟನ್ನು ಮರಳಿಸಲೂಬಹುದು. ಕಣ್ಣು ಮರಗಟ್ಟಿಸಿಯೇ ಚುಚ್ಚುತ್ತಾರೆ. ಸೋಂಕು ಆಗುವುದು ಸಾವಿರಾರರಲ್ಲಿ ಒಂದಕ್ಕೆ. ಆಯಿತೆಂದರೆ ಗಂಭೀರ, ಅದನ್ನು ಮುಚ್ಚಿಡುವುದೂ ಸಲ್ಲ. ನಿಜವಾದ ಕಷ್ಟ ಬೇರೆ: ಒಂದಕ್ಕೆ ಮುಗಿಯುವುದಿಲ್ಲ, ತಿಂಗಳ ಮೇಲೆ ತಿಂಗಳು ಬರಬೇಕು, ದುಡ್ಡು ಬೇಕು. ಎರಡು ಇಂಜೆಕ್ಷನ್ನಿಗೆ ನಿಲ್ಲಿಸಿದವರಿಗೆ ಫಲ ಕಾಣದೆ ಆ ಕತೆಯೂ ಊರು ಸೇರುತ್ತದೆ.

"ಹೋದರೆ ಹೋಗಲಿ, ಕಣ್ಣು ದಾನ ಸಿಗುತ್ತದಲ್ಲ" ಎನ್ನುವವರಿದ್ದಾರೆ. 2006ರಲ್ಲಿ ರಾಜ್‌ಕುಮಾರ್, 2021ರಲ್ಲಿ ಪುನೀತ್ ಕಣ್ಣು ಕೊಟ್ಟು ಹೋದಮೇಲೆ ನೇತ್ರದಾನದ ಮಾತು ಮನೆಮನೆಗೆ ಮುಟ್ಟಿದೆ, ಸಂತೋಷ. ಪುನೀತ್ ಅವರ ಎರಡು ಕಾರ್ನಿಯಾಗಳನ್ನು ಪದರ ಬಿಡಿಸಿ ನಾಲ್ವರಿಗೆ ಹಾಕಿದ್ದೂ ನಿಜ. ಆದರೆ ಕಸಿ ಮಾಡಲಾಗುವುದು ಕಣ್ಣಿನ ಮುಂಭಾಗದ ಆ ಪಾರದರ್ಶಕ ಪದರವನ್ನು ಮಾತ್ರ. ರೆಟಿನಾವನ್ನು ಬದಲಿಸಲು ಯಾವ ಆಸ್ಪತ್ರೆಗೂ ಬರುವುದಿಲ್ಲ. ಹೊನಗೊನೆ ಸೊಪ್ಪು, ಕ್ಯಾರೆಟ್ಟು ತಿನ್ನಿ, ಒಳ್ಳೆಯದೇ. ಇರುಳುಗಣ್ಣು ತಡೆಯುವ ಎ ಜೀವಸತ್ವ ಅದರಲ್ಲಿದೆ. ಸೋರುವ ರಕ್ತನಾಳಕ್ಕೆ ಅದು ಮದ್ದಲ್ಲ. ನಂದಿಬಟ್ಟಲು ಹೂವಿನ ರಸ, ಜೇನು ಕಣ್ಣಿಗೆ ಬಿಡುವವರಿಗೆ ಬಿಡಬೇಡಿ ಎಂದಷ್ಟೇ ಹೇಳುತ್ತೇನೆ.

ವ್ಯಾಪಾರದ ಆರೋಪವನ್ನು ನಾನು ಅಷ್ಟು ಸುಲಭವಾಗಿ ದಾಟಲಾರೆ. "ಉಚಿತ ತಪಾಸಣೆ ಎಂಬುದು ಗಿರಾಕಿ ಹಿಡಿಯುವ ಬಲೆ. ಶಿಬಿರದ ಬ್ಯಾನರ್ ಕಟ್ಟಿದವರೇ ಸಂಜೆಗೆ ಬಸ್ ತಂದು ಪೇಶೆಂಟ್ ತುಂಬಿಕೊಂಡು ಹೋಗುತ್ತಾರೆ." ಹೀಗೆ ನಡೆಯುತ್ತದೆ, ಇಲ್ಲವೆನ್ನುವುದಿಲ್ಲ. ಬೇಡದ ಆಪರೇಶನ್‌ಗಳೂ ಆಗಿವೆ. ಅದೇ ಕಾರಣಕ್ಕೆ ಈ ಕ್ಯಾಮೆರಾ ಶಿಬಿರದ ಶಾಮಿಯಾನದಲ್ಲಿ ಬೇಡ, ಸರ್ಕಾರಿ ಆಸ್ಪತ್ರೆಯ ಶುಗರ್ ಕ್ಲಿನಿಕ್ಕಿನಲ್ಲಿ ಇರಲಿ ಎನ್ನುತ್ತಿದ್ದೇನೆ. ಚಿತ್ರ ತೆಗೆದವರಿಗೂ ಓದಿದವರಿಗೂ ಆಪರೇಶನ್ ಸಂಖ್ಯೆಯಿಂದ ಒಂದು ಪೈಸೆಯೂ ಬರಬಾರದು. ಚಿತ್ರದ ಪ್ರತಿ ರೋಗಿಯ ಕೈಗೆ, ಇಲ್ಲವೇ ಮಗನ ಮೊಬೈಲಿಗೆ ಹೋಗಬೇಕು, ಬೇರೊಬ್ಬರಿಗೆ ತೋರಿಸಿ ಎರಡನೇ ಅಭಿಪ್ರಾಯ ಕೇಳಲು. ತಪಾಸಣೆಯನ್ನೇ ಬಿಟ್ಟರೆ ವ್ಯಾಪಾರಿಗಳಿಗೇನೂ ನಷ್ಟವಿಲ್ಲ. ಪೂರ್ತಿ ಕೆಟ್ಟ ಕಣ್ಣಿನ ದೊಡ್ಡ ಆಪರೇಶನ್ನಿಗೆ ಬಿಲ್ಲು ದೊಡ್ಡದು.

ಕೊನೆಯದು ಆಡಳಿತದವರ ಪ್ರಶ್ನೆ: "ಕಾಯಿಲೆ ಹುಡುಕಿ ಏನು ಮಾಡುತ್ತೀರಿ? ರೆಟಿನಾ ವೈದ್ಯರೆಲ್ಲ ದೊಡ್ಡ ಊರುಗಳಲ್ಲಿದ್ದಾರೆ. ಹುಡುಕಿದವರನ್ನೆಲ್ಲ ಎಲ್ಲಿಗೆ ಕಳಿಸುವುದು?" ಕೊರತೆ ಇರುವುದು ಹೌದು. ಆದರೆ ಲೆಕ್ಕ ಉಲ್ಟಾ ಇದೆ. 2022ರಲ್ಲಿ ಪ್ರಕಟವಾದ ಸ್ಮಾರ್ಟ್ ಇಂಡಿಯಾ ಅಧ್ಯಯನದ ಪ್ರಕಾರ, ನಲವತ್ತು ದಾಟಿದ ನೂರು ಶುಗರ್ ರೋಗಿಗಳಲ್ಲಿ ಹನ್ನೆರಡು ಹದಿಮೂರು ಮಂದಿಗೆ ಪರದೆಯಲ್ಲಿ ಏನಾದರೊಂದು ಬದಲಾವಣೆ ಇದೆ. ನೋಟಕ್ಕೇ ಕುತ್ತು ತರುವ ಹಂತ ಮುಟ್ಟಿದವರು ನಾಲ್ವರು. ಇಂದು ನಾವು ನೂರಕ್ಕೆ ನೂರು ಜನರಿಗೂ ಹುಬ್ಬಳ್ಳಿಗೋ ಬೆಂಗಳೂರಿಗೋ ಮೈಸೂರಿಗೋ ಹೋಗಿ ಎಂದು ಚೀಟಿ ಬರೆಯುತ್ತಿದ್ದೇವೆ. ಹೋಗುವವರು ಕೆಲವರು, ಅವರಲ್ಲಿ ಆ ನಾಲ್ವರು ಇರುತ್ತಾರೆಂಬ ಖಾತ್ರಿ ಇಲ್ಲ. ಫೋಟೊ ತೆಗೆದರೆ ಕಳಿಸಬೇಕಾದವರು ನಾಲ್ವರು, ಜೊತೆಗೆ ಚಿತ್ರ ಸ್ಪಷ್ಟವಾಗದ ಕೆಲವರು. ಅಷ್ಟು ಜನರಿಗೆ ಬಸ್ ಚಾರ್ಜು ಕೊಡಲು ಯಾವ ಜಿಲ್ಲೆಯೂ ದಿವಾಳಿಯಾಗುವುದಿಲ್ಲ.

ಲೇಸರ್ ಯಂತ್ರ ಜಿಲ್ಲಾಸ್ಪತ್ರೆಗೆ ಬೇಕೇ, ಬೇಕಾದರೆ ವಾರಕ್ಕೆ ಎಷ್ಟು ದಿನ ವೈದ್ಯರು ಬರಬೇಕು, ಇಂಜೆಕ್ಷನ್ ಎಷ್ಟು ತರಿಸಬೇಕು ಎಂದು ಅದೇ ಅಧಿಕಾರಿ ಕೇಳಿದರೆ, ಇವತ್ತು ಅವರ ಮುಂದಿಡಲು ನಮ್ಮ ಬಳಿ ಹೆಸರು, ಊರು, ಕಾಯಿಲೆಯ ಹಂತ ಬರೆದ ಒಂದು ಪಟ್ಟಿಯೂ ಇಲ್ಲ. ಕ್ಯಾಮೆರಾ ಇಟ್ಟ ತಾಲ್ಲೂಕಿನಿಂದ ಆ ಪಟ್ಟಿ ಮೊದಲ ವರ್ಷವೇ ಬರುತ್ತದೆ. ಎಷ್ಟು ಯಂತ್ರ, ಎಷ್ಟು ವೈದ್ಯರು ಎಂಬ ಚರ್ಚೆಯನ್ನು ಆಗ ಆ ಪಟ್ಟಿ ಇಟ್ಟುಕೊಂಡೇ ಮಾಡೋಣ.